ಎಡಗಡೆಯ ಸೀಟು

"ಗುರುಗಳೇ, ಸಿಟ್ಟು ಬಿಡಲು ನಾನು ಮಾಡದ ಪ್ರಯತ್ನವಿಲ್ಲ. ಸೋಮವಾರ ಉಪವಾಸವಿದ್ದೆ. ತಿಂಗಳುಗಟ್ಟಲೆ ಮೌನ ಹಿಡಿದೆ. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಏಳುತ್ತದೆ. ಅದು ಎಲ್ಲಿಂದ ಬರುತ್ತದೆ, ನೀವೇ ಹೇಳಿ."

ಕೇಳಿದವನು ಸಂಸಾರಸ್ಥ. ಮದುವೆಯಾಗಿ ಹತ್ತು ವರ್ಷವಾಗಿತ್ತು. ಮಠಕ್ಕೆ ಬಂದು ಕೂತರೂ ಅವನ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಗುರುಗಳು ಕತೆ ಶುರು ಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದನಪ್ಪ. ಅವನದೊಂದು ಹಳೆಯ ಪಿಕಪ್ ಗಾಡಿ. ಹಿಂದೆ ಕೊಡ, ತಪ್ಪಲೆ, ಬಾಣಲೆ; ಮುಂದೆ ಅವನು, ಎಡಗಡೆಯ ಸೀಟಿನಲ್ಲಿ ಅವನ ಹೆಂಡತಿ. ಸಂತೆಯಿಂದ ಸಂತೆಗೆ ತಿರುಗುವ ಬದುಕು. ಗಾಡಿಯೆಂದರೆ ಅವನಿಗೆ ಪ್ರಾಣ. ಯಾರಾದರೂ ಅದನ್ನು ಗುಜರಿ ಅಂದರೆ ಮೂರು ದಿನ ಅವರ ಜೊತೆ ಮಾತಿಲ್ಲ.

ಒಂದು ಮಳೆಗಾಲ ಆ ಗಾಡಿ ಸೋರತೊಡಗಿತು. ಹಿಂದಿದ್ದ ಪಾತ್ರೆಗಳಿಗೆ ಮಳೆ ಯಾವ ಲೆಕ್ಕ? ಸೋರಿದ್ದು ಮುಂದೆ, ಹೆಂಡತಿ ಕೂರುವ ಕಡೆ, ಸರಿಯಾಗಿ ಅವಳ ಭುಜದ ಮೇಲೆ. ಸಂತೆ ಮುಟ್ಟುವಷ್ಟರಲ್ಲಿ ಅವಳ ಸೆರಗು ಹಿಂಡುವಂತಾಗುತ್ತಿತ್ತು.

ವ್ಯಾಪಾರಿ ಸುಮ್ಮನೆ ಕೂರುವ ಆಸಾಮಿಯಲ್ಲ. ಹನಿ ಬೀಳುವ ಜಾಗದ ನೇರಕ್ಕೆ ಹೊರಗಿನಿಂದ ಡಾಂಬರು ಬಳಿದ. ಸೋರಿತು. ಅವಳ ಕಡೆಯ ಬಾಗಿಲಿನ ರಬ್ಬರ್ ಬದಲಿಸಿದ. ಮತ್ತೆ ಸೋರಿತು. ಗಾಜಿನ ಸುತ್ತ ಅಂಟು ಮೆತ್ತಿದ, ಎಡಗಡೆಯ ತಗಡಿನ ಮೇಲೆ ಇನ್ನೊಂದು ತಗಡು ಬಡಿದ. ಗಾಡಿಯ ಎಡಭಾಗ ಅಂದಗೆಟ್ಟಿತು, ಹನಿ ಮಾತ್ರ ನಿಲ್ಲಲಿಲ್ಲ. ಪುಣ್ಯಾತ್ಮ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಗಿರಾಕಿ ಎದುರಿಗೆ ನಿಂತಿದ್ದರೂ ಇವನ ಕಣ್ಣು ಮೋಡದ ಮೇಲೆ. ಊಟದ ನಡುವೆ ಎದ್ದು ಹೋಗಿ ಗಾಡಿಯ ಚಾವಣಿ ತಟ್ಟಿ ನೋಡಿ ಬರುತ್ತಿದ್ದ. ಹೆಂಡತಿಗಾಗಿ ಎಷ್ಟು ಒದ್ದಾಡುತ್ತಿದ್ದೇನೆ ನೋಡಿ ಎಂದು ಸಂತೆಗೆಲ್ಲ ಹೇಳಿಕೊಂಡು ಬಂದ.

ಅವಳಿಗೆ ಕೆಮ್ಮು ಹಿಡಿಯಿತು. ಎರಡನೆಯ ಮಳೆಗಾಲಕ್ಕೆ ಅದು ಎದೆಗೆ ಇಳಿಯಿತು. ಒಂದು ಬೆಳಿಗ್ಗೆ ಅವಳು ಬುತ್ತಿಯನ್ನು ಸೀಟಿನ ಮೇಲಿಟ್ಟು, ತಾನು ಬಸ್ಸಿನಲ್ಲಿ ಬರುವುದಾಗಿ ಹೇಳಿ ನಡೆದುಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಮುಂದಿನ ವಾರ ಬಸ್ಸಿಗೂ ಹೋಗಲಿಲ್ಲ. ತವರಿಗೆ ಹೋಗುತ್ತೇನೆ ಅಂದಳು. ಯಾವಾಗ ಬರುತ್ತೀಯ ಎಂದು ಇವನು ಕೇಳಿದರೆ ಬಟ್ಟೆ ತೆಗೆದಿಡತೊಡಗಿದಳು.

ಹನ್ನೆರಡು ವರ್ಷ ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದವಳು. ಅವಳು ಹೀಗೇ ದೂರವಾಗಿಬಿಟ್ಟರೆ ತನಗೆ ಈ ಗಾಡಿ ಯಾಕೆ, ಈ ಸಂತೆ ಯಾಕೆ ಎಂದು ವ್ಯಾಪಾರಿಗೆ ಅನ್ನಿಸಿತು.

ಊರ ಹೊರಗೆ ಗಾಡಿಗಳ ತಗಡು ಬಡಿದು ರಿಪೇರಿ ಮಾಡುವ ಒಬ್ಬ ಮುದುಕನಿದ್ದ. ವ್ಯಾಪಾರಿ ಅವನ ಬಳಿಗೆ ಓಡಿ, ತಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಮುದುಕ ಗಾಡಿಯತ್ತ ತಿರುಗಿಯೂ ನೋಡದೆ ಕೇಳತೊಡಗಿದ. ಹನಿ ಬೀಳುವುದು ಮಳೆ ಶುರುವಾದ ಕೂಡಲೇನಾ, ತಡವಾಗಿಯಾ? ಗಾಡಿ ನಿಂತಾಗಲಾ, ಓಡುವಾಗಲಾ? ಬೀಳುವ ಮುಂಚೆ ನೀರು ಯಾವ ಕಡೆಯಿಂದ ಹರಿದು ಬರುತ್ತದೆ? ವ್ಯಾಪಾರಿಗೆ ಒಂದೂ ಗೊತ್ತಿರಲಿಲ್ಲ.

"ಆ ಸೀಟಿನಲ್ಲಿ ಕೂರುವವರನ್ನು ಕೇಳಿಕೊಂಡು ಬಾ," ಅಂದ ಮುದುಕ.

ಮನೆಯಲ್ಲಿ ಹೆಂಡತಿ ತವರಿಗೆ ಹೊರಡಲು ಬಟ್ಟೆ ಮಡಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಕೇಳಿದ.

"ನೀರು ನನ್ನ ಕಡೆಯಿಂದ ಬರುವುದಿಲ್ಲ," ಅಂದಳು. "ನಿಮ್ಮ ತಲೆಯ ಮೇಲಿನಿಂದ ಬರುತ್ತದೆ. ಗಾಡಿ ರಸ್ತೆಯ ಅಂಚಿಗೆ ವಾಲಿದಾಗ ಒಳಗೊಳಗೇ ಹರಿದು ಬಂದು ನನ್ನ ಮೇಲೆ ಬೀಳುತ್ತದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮೊದಲ ಮಳೆಗೇ ಹೇಳಿದ್ದೆ. ಗಾಡಿಯ ವಿಷಯ ನಿನಗೇನು ಗೊತ್ತು ಅಂದಿರಿ."

ವ್ಯಾಪಾರಿ ಅವಳನ್ನು ಕರೆದುಕೊಂಡು ಹೊರಗೆ ಬಂದ. ಗಾಡಿಯನ್ನು ರಸ್ತೆಯ ಎಡ ಅಂಚಿಗೆ ವಾಲಿಸಿ ನಿಲ್ಲಿಸಿದ. ತಾನು ಕೂರುವ ಕಡೆ ಚಾವಣಿಯ ಮೇಲೆ ನೀರು ಸುರಿಯಲು ಅವಳಿಗೆ ಹೇಳಿ, ಮೊದಲ ಸಲ ಎಡಗಡೆಯ ಸೀಟಿನಲ್ಲಿ ಹೋಗಿ ಕೂತ. ಒಂದು ಕೊಡ ಮುಗಿಯಿತು, ಹನಿಯಿಲ್ಲ. ಎರಡನೆಯ ಕೊಡ ಅರ್ಧವಾಗುವಾಗ ಭುಜದ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಸರಿದು ಕೂರಲು ನೋಡಿದ, ಸರಿಯಲು ಜಾಗವಿರಲಿಲ್ಲ. ಎರಡು ಮಳೆಗಾಲ ಅವಳು ಇಲ್ಲಿ ಹೇಗೆ ಕೂತಿದ್ದಳು ಅನ್ನಿಸಿ ಅವನಿಗೆ ಅಳು ಬಂತು.

ಅವನ ಬಾಗಿಲಿನ ಮೇಲೆ, ತಗಡುಗಳು ಕೂಡುವ ಕಡೆ, ಕೂದಲೆಳೆಯಷ್ಟು ಬಿರುಕಿತ್ತು. ಗಾಡಿ ಒಯ್ದಾಗ ಮುದುಕ ತುಕ್ಕು ಕೆರೆದು ಅದನ್ನು ಮುಚ್ಚಿದ. ಅರ್ಧ ಗಂಟೆಯ ಕೆಲಸ. ಹೆಂಡತಿ ತವರಿಗೆ ಹೋಗಲಿಲ್ಲ, ಮುಂದಿನ ಸಂತೆಗೆ ಗಾಡಿ ಹತ್ತಿದಳು. ಆದರೆ ಇನ್ನೂ ನಾಲ್ಕು ಮಳೆ ಕಳೆಯುವವರೆಗೆ ಭುಜದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದೇ ಕೂರುತ್ತಿದ್ದಳು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ತನ್ನ ಬಿರುಕು ಎಲ್ಲಿದೆ, ಅದನ್ನಾದರೂ ತೋರಿಸಿಕೊಡಬೇಕು ಎಂದು ಪಟ್ಟು ಹಿಡಿದ.

"ನಿನ್ನ ಸಿಟ್ಟಿನಲ್ಲಿ ಹತ್ತು ವರ್ಷ ನೆಂದವಳು ಮನೆಯಲ್ಲಿದ್ದಾಳೆ, ನನ್ನನ್ನು ಯಾಕೆ ಕೇಳುತ್ತೀಯ?" ಅಂದರು ಗುರುಗಳು.