ಹಂಡೆ ಖಾಲಿ ಮಾಡುವ ವೇಷಗಾರ

ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಲಸಿಕೆ ರೂಪಿಸುವ ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: "ಗುರುಗಳೇ, ಲೋಕಕ್ಕೆಲ್ಲ ಹಬ್ಬಿದ ಈ ವೈರಾಣು ದಿನಕ್ಕೊಂದು ರೂಪ ತಾಳುತ್ತದೆ. ಒಂದಕ್ಕೆ ಲಸಿಕೆ ಮಾಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇನ್ನೂ ಬಾರದ ರೂಪವನ್ನು ಗುರುತಿಸಲು ಮೈಗೆ ಹೇಗೆ ಕಲಿಸಲಿ?"

ಗುರು ಹೇಳಿದರು: "ಕೂತುಕೋ ತಾಯಿ. ಇದು ನಾನು ಕಣ್ಣಾರೆ ಕಂಡದ್ದು. ಆಗ ನಾನು ಪಾಯಸದ ಹಂಡೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ನೋಡಿದವರು ಯಾರೂ ಈಗ ಬದುಕಿಲ್ಲ, ಅದೇ ಬೇಸರ.

ಒಬ್ಬ ರೈತನ ಮನೆಯಲ್ಲಿ ಮಗಳ ಮದುವೆ, ಮೂರು ದಿನದ್ದು. ಮೊದಲ ದಿನ ಕಾವಿ ತೊಟ್ಟ ವೇಷಗಾರನೊಬ್ಬ ಕರೆಯದೆ ಬಂದು ಪಂಕ್ತಿಯಲ್ಲಿ ಕೂತ. ಹಂಡೆ ಪಾಯಸ ಕುಡಿದು ಹಂಡೆಯನ್ನೂ ನೆಕ್ಕಿದ. ಅವನು ತೇಗಿದ್ದಕ್ಕೆ ಚಪ್ಪರ ಒಂದು ಗೇಣು ಮೇಲೆದ್ದು ಕೂತಿತು. ಬೀಗರು ಅರ್ಧ ಹೊಟ್ಟೆಯಲ್ಲಿ ಎದ್ದರು.

'ನಾಳೆ ಕಾವಿ ಕಂಡರೆ ಹಿಡಿಯಿರಿ' ಎಂದು ರೈತ ಬಡಿಸುವವರಿಗೆ ಹೇಳಿದ. ಮರುದಿನ ವೇಷಗಾರ ದಫೇದಾರನ ರುಮಾಲು ಸುತ್ತಿ ಬಂದು ಹಂಡೆ ಖಾಲಿ ಮಾಡಿ ಹೋದ. ಬಡಿಸುವವರು ಕಾವಿ ಕಂಡದ್ದೇ ಬೀಗರ ಮನೆಯ ಸ್ವಾಮಿಗಳ ಗಡ್ಡ ಹಿಡಿದು ಆಚೆ ತಳ್ಳಿದರು. ಗಂಡಿನ ತಂದೆ ಕೆಂಡವಾದ. ನಾಳೆ ಒಬ್ಬರು ಹಸಿದರೂ, ಒಬ್ಬರ ಮೇಲೆ ಕೈ ಬಿದ್ದರೂ, ಹುಡುಗಿಯನ್ನು ಇಲ್ಲೇ ಬಿಟ್ಟು ಗಾಡಿ ಹೂಡುತ್ತೇವೆ ಎಂದ.

ಪಕ್ಕದ ಮನೆಯ ವರ್ತಕ ಹುಣಸೆಬೀಜ ತಂದು ಹರಡಿದ. ಒಂದೊಂದು ಬೀಜ ವೇಷಗಾರನ ಒಂದೊಂದು ಗುರುತು. ಜಗುಲಿ ಸಾಲದೆ ಬೀಜ ಬೀದಿಗೆ ಹರಿಯಿತು. ರುಮಾಲು? ಬದಲಿಸಬಲ್ಲ; ಆ ಬೀಜ ತೆಗೆದ. ಮೀಸೆ? ಬೋಳಿಸಬಲ್ಲ, ತೆಗೆದ.

'ಡೊಳ್ಳು ಹೊಟ್ಟೆ ಬದಲಿಸಲಾರ, ಅದನ್ನೇ ಹಿಡಿಯೋಣ' ಎಂದ ರೈತ.

'ಅಯ್ಯೋ ಮಾರಾಯ, ನಿನ್ನ ಬೀಗನ ಹೊಟ್ಟೆ ನೋಡಿದ್ದೀಯಾ? ಮೊದಲು ಸಿಕ್ಕಿಬೀಳುವವನು ಅವನೇ!' ಎಂದು ವರ್ತಕ ಅದನ್ನೂ ತೆಗೆದ.

ಕೊನೆಗೆ ಒಂದೇ ಬೀಜ ಉಳಿಯಿತು. ಎಲ್ಲರೂ ಸೊಂಟದ ಗಂಟು ಸಡಿಲಿಸುವುದು ಉಂಡ ಮೇಲೆ. ಅವನು ಎರಡೂ ದಿನ ಸಡಿಲಿಸಿದ್ದು ಕೂರುವ ಮುಂಚೆ. ಸಡಿಲಿಸದಿದ್ದರೆ ಹಂಡೆ ಪಾಯಸ ಹೊಟ್ಟೆಗೆ ಇಳಿಯುವುದಿಲ್ಲ.

ವರ್ತಕ ತಾನೇ ಖಾಲಿ ಎಲೆಯ ಮುಂದೆ ನಿಂತು, ಕೂರುವ ಮುಂಚೆ ಗಂಟು ಸಡಿಲಿಸಿ ತೋರಿಸಿದ. ನಾಲ್ಕು ತುತ್ತಿಗೆ ಸುಸ್ತಾಗುವ ಆಳು ಅವನು, ಅವನಿಂದ ಹಂಡೆಗೆ ಅಪಾಯವಿಲ್ಲ. ಆದರೆ ಬಡಿಸುವವರ ಕಣ್ಣು ಪಳಗಿತು.

ಮೂರನೆಯ ದಿನ ಕೋಲೂರಿಕೊಂಡು ಒಬ್ಬ ಹಣ್ಣು ಮುದುಕಿ ಬಂದಳು. ಅಂಥ ವೇಷ ವರ್ತಕನ ಬೀಜಗಳಲ್ಲೂ ಇರಲಿಲ್ಲ. ಮುದುಕಿಯ ಕೈ ಸೊಂಟಕ್ಕೆ ಹೋಯಿತು, ಅಷ್ಟೆ. ಬಡಿಸುವವರೆಲ್ಲ ಸೌಟು ಹಿಡಿದು ಸುತ್ತುವರಿದರು. ಬೀಗರು ಹೊಟ್ಟೆ ತುಂಬ ಉಂಡರು. ಹುಡುಗಿ ಗಂಡನ ಗಾಡಿ ಹತ್ತಿದಳು."

ಶಿಷ್ಯೆ ನಕ್ಕಳು. ಮತ್ತೆ ಮುಖ ಸಣ್ಣದು ಮಾಡಿ ಕೇಳಿದಳು: "ಮುಂದೆ ಅವನು ಗಂಟು ಸಡಿಲಿಸದೆಯೇ ಕೂತುಬಿಟ್ಟರೆ?"

ಗುರು ಹೇಳಿದರು: "ಗಂಟು ಬಿಗಿದು ಉಣ್ಣುವವನು ಬರೀ ಅತಿಥಿ ತಾಯಿ, ಅವನಿಗೂ ಒಂದು ಎಲೆ ಹಾಕು."