ಸಿಡಿಲುಗಲ್ಲು

ಮುಗಿಲು ಕಪ್ಪಿಟ್ಟ ಒಂದು ಸಂಜೆ. ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಎಲ್ಲರೂ ಒಳಗೆ ಸೇರಿದ್ದರು. ಶಿಷ್ಯ ಹುಲಿಗೆಪ್ಪ ಮಾತ್ರ ಅಂಗಳದಾಚೆಯ ಬಯಲಿನಲ್ಲಿ ಮುಷ್ಟಿ ಬಿಗಿದು ನಿಂತಿದ್ದ.

ಗುರು ಶಾಂತಮಲ್ಲಯ್ಯನವರು ಅವನ ಹತ್ತಿರ ಹೋದರು.

"ಯಾಕೋ, ಇಲ್ಲಿ ನಿಂತೀ? ನಡೀ ಒಳಗ."

"ಬ್ಯಾಡ್ರಿ ಅಪ್ಪಾರ. ನಾ ಒಳಗ ಬಂದ್ರ ನನ್ನ ಹಿಂದ ಸಿಡಿಲೂ ಬರತೈತಿ. ನಿಮ್ಮನ್ನೆಲ್ಲ ಸುಡತೈತಿ."

ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ನುಣ್ಣನೆಯ ಕರಿಕಲ್ಲು, ಒಂದು ಬದಿ ಕೊಡಲಿಯಷ್ಟು ಚೂಪು. ಊರವರು ಬೇವಿನ ಕಟ್ಟೆಯ ಮೇಲಿಟ್ಟು ಅರಿಸಿನ ಹಚ್ಚುತ್ತಿದ್ದ ಸಿಡಿಲುಗಲ್ಲು ಅದು. ಆಕಳ ಗೂಟ ಹೊಡೆಯಲು ಬೇರೆ ಕಲ್ಲು ಸಿಗಲಿಲ್ಲವೆಂದು ಈ ಪುಣ್ಯಾತ್ಮ ಅದನ್ನೇ ಎತ್ತಿಕೊಂಡು ಬಂದಿದ್ದ. ಹೊಡೆತಕ್ಕೆ ಅಂಚು ಮುಕ್ಕಾಗಿತ್ತು.

"ಮುಗಿಲಿಂದ ಬಿದ್ದದ್ದಂತ್ರಿ. ಕೆಣಕಿದವರನ್ನ ಸಿಡಿಲು ಹುಡುಕ್ಕೊಂಡು ಬರತೈತಂತ."

ಹೊಳೆಯಾಚೆ ಗುಡುಗಿತು. ಹುಲಿಗೆಪ್ಪ ಆಶ್ರಮದಿಂದ ಇನ್ನೆರಡು ಹೆಜ್ಜೆ ದೂರ ಸರಿದ.

ಗುರುಗಳು ಕಲ್ಲು ತೆಗೆದುಕೊಂಡು, ಅರಿಸಿನ ಒರೆಸಿ ಮತ್ತೆ ಅವನ ಕೈಗೇ ಇಟ್ಟರು. "ಗಟ್ಟಿ ಹಿಡಿ. ಹೆಬ್ಬೆರಳು ಎಲ್ಲಿ ಕುಂತೈತಿ?"

"ಒಂದು ತಗ್ಗಿನಾಗ್ರಿ."

"ಆ ತಗ್ಗು ಮುಗಿಲು ಮಾಡೇತೇನು?"

ಶಿಷ್ಯ ಮತ್ತೆ ತಡವಿದ. ಯಾರೋ ಕೂತು ತಿಕ್ಕಿ ತಿಕ್ಕಿ ಮಾಡಿದ್ದು ಕೈಗೇ ತಿಳಿಯುತ್ತಿತ್ತು.

"ಇಲ್ರಿ. ಮನಷ್ಯಾ ಮಾಡಿದ್ದು."

"ಅಂಥಾದ್ದಕ್ಕ ಒಂದು ಮಾತೈತಿ. ಕೃತಕ."

"ಕೃತಕ ಅಂದ್ರ ಸುಳ್ಳಲ್ಲೇನ್ರಿ? ಕೃತಕ ನಗಿ ಅಂತೀವಲ್ರಿ."

"ಅದು ಆಮ್ಯಾಲ ಬಂದ ಅರ್ಥ. 'ಕೃ' ಅಂದ್ರ ಮಾಡು. ಕೃತಕ ಅಂದ್ರ ಮಾಡಿದ್ದು, ತಾನಾಗಿ ಹುಟ್ಟದೇ ಇದ್ದದ್ದು. ಅಷ್ಟ. ಮಂದಿ ಮಾಡಿದವನನ್ನ ಮರತ್ರು. ಆ ಮಾತಿಗೆ ಸುಳ್ಳು ಅಂದ್ರು, ಈ ಕಲ್ಲಿಗೆ ಅರಿಸಿನ ಹಚ್ಚಿದ್ರು."

ಹುಲಿಗೆಪ್ಪನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಸಿಡಿಲಿನ ಭಯ ಹೋದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಅಂಚಿನ ಮೇಲೆ ಬೆರಳಾಡಿಸಿದ.

"ಇಷ್ಟು ಚೂಪು ಯಾಕ ಮಾಡ್ಯಾನ್ರಿ ಅಪ್ಪಾರ? ಎಂಥಾ ಭಯಂಕರ ಮನಷ್ಯಾ ಇದ್ದನೋ ಏನೋ!"

ಫಳ್ಳನೆ ಮಿಂಚಿತು. ಗುರುಗಳೂ ಬೆಚ್ಚಿದರು. ಅದನ್ನು ಮುಚ್ಚಿಡಲಿಲ್ಲ. ಶಿಷ್ಯನ ರಟ್ಟೆ ಹಿಡಿದು ಸರಸರನೆ ಒಳಗೆ ನಡೆದರು. ಈ ಸಲ ಅವನು ಬೇಡವೆನ್ನಲಿಲ್ಲ.

ಬಾಗಿಲು ಹಾಕಿದ ಮೇಲೆ ಗುರುಗಳು ಹೇಳಿದರು:

"ಕಲ್ಲು ಚೂಪು ಮಾಡಿದಾವ ನಮ್ಮಂಗ ಅಂಜಿದಾವ ಇದ್ದ, ತಮ್ಮಾ."