ನೇಕಾರನ ಕೈ ಕಟ್ಟಿದವಳು

“ಗುರುಗಳೇ, ಒಳಕೋಣೆಯ ರೋಗಿಗೆ ಜ್ವರ ಬಿಟ್ಟಿದೆ. ನಾಡಿ ಸಮವಾಗಿದೆ, ಗಂಜಿ ಒಳಗೆ ನಿಲ್ಲುತ್ತಿದೆ. ನಾಳೆ ಅವನನ್ನು ಮನೆಗೆ ಕಳಿಸುತ್ತೇನೆ. ಅಲ್ಲಿಗೆ ವೈದ್ಯನ ಕೆಲಸ ಮುಗಿದಂತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ವೈದ್ಯಶಾಲೆಯ ಅಂಗಳದಲ್ಲಿ ಬೇರುಗಳನ್ನು ಒಣಹಾಕುತ್ತಿದ್ದರು. ಒಳಕೋಣೆಯೆಂದರೆ, ಬದುಕುವರೋ ಸಾಯುವರೋ ಎಂದು ಹೇಳಲಾಗದವರನ್ನು ಇರಿಸುವ ಕೋಣೆ. ಕರೆಯದ ಹೊರತು ಮನೆಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಲ್ಲಿಂದ ರೋಗಿ ಎದ್ದು ಬರುವುದು ಅಪರೂಪ. ಶಿಷ್ಯನ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅದು ತಪ್ಪೂ ಆಗಿರಲಿಲ್ಲ. ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕೈಯ ಮಣ್ಣು ಕೊಡವಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂರುತ್ತಿದ್ದ. ಹೆಂಡತಿ ನೂಲು ಸುತ್ತಿ ಕೊಡುತ್ತಿದ್ದಳು. ಕಡಿದ ಎಳೆಗಳನ್ನು ಗಂಟು ಹಾಕಿ ಸೇರಿಸುತ್ತಿದ್ದಳು. ಅವಳು ಹಾಕಿದ ಗಂಟು ನೆಯ್ದ ಬಟ್ಟೆಯಲ್ಲಿ ಬೇರೆ ಯಾರ ಬೆರಳಿಗೂ ಸಿಗುತ್ತಿರಲಿಲ್ಲ. ನೂರು ಗಂಟುಗಳ ನಡುವೆ ಇವಳದನ್ನು ಕಣ್ಣುಮುಚ್ಚಿ ಗುರುತಿಸಬಲ್ಲೆ ಎಂದು ಗಂಡ ಬೀದಿಯವರೊಡನೆ ಹೇಳಿಕೊಳ್ಳುತ್ತಿದ್ದ. ಅವಳಿಗೆ ಅವನಿಂದ ಸಿಕ್ಕ ಹೊಗಳಿಕೆ ಅದೊಂದೇ. ಅವಳಿಗೆ ಅಷ್ಟು ಸಾಕಾಗಿತ್ತು.

ಒಂದು ವರ್ಷ ಅವನ ಪಕ್ಕೆಯಲ್ಲಿ ಹುಣ್ಣೆದ್ದಿತು. ಜ್ವರ ಏರಿತು, ಸನ್ನಿ ಹಿಡಿಯಿತು. ಅವನನ್ನು ಒಬ್ಬ ಹೆಸರಾಂತ ವೈದ್ಯನ ಬಳಿಗೆ ಗಾಡಿಯಲ್ಲಿ ತಂದರು. ವೈದ್ಯ ಹುಣ್ಣನ್ನು ಸೀಳಿ, ಪಟ್ಟಿ ಕಟ್ಟಿ, ಒಳಕೋಣೆಯಲ್ಲಿ ಮಲಗಿಸಿದ. ಹೆಂಡತಿ ಹೊರಗೆ ಜಗಲಿಯ ಮೇಲೆ ಕುಳಿತಳು.

ಸನ್ನಿಯಲ್ಲಿ ನೇಕಾರ ಪಟ್ಟಿಯನ್ನು ಕಿತ್ತುಹಾಕಿದ. ಇನ್ನೊಮ್ಮೆ ಕಿತ್ತರೆ ಉಳಿಯಲಾರ ಎಂದು ವೈದ್ಯ ಅವನ ಕೈಗಳನ್ನು ಕಟ್ಟಿಸಿದ. ಪರಿಚಾರಕರು ನಾರಿನ ಹಗ್ಗ ಬಿಗಿದರು. ಮಣಿಕಟ್ಟು ಸುಲಿದು ರಕ್ತ ಬಂತು. ಸಡಿಲ ಬಿಟ್ಟರೆ ಕೈ ಜಾರಿಸಿಕೊಂಡ. ಆಗ ವೈದ್ಯ ಹೆಂಡತಿಯನ್ನು ಒಳಗೆ ಕರೆಸಿದ. ಅವಳು ಒಗೆದೊಗೆದು ಮೆತ್ತಗಾಗಿದ್ದ ತನ್ನ ಸೆರಗನ್ನು ಹರಿದು ಎರಡು ಪಟ್ಟಿ ಮಾಡಿದಳು. ಕಟ್ಟಲು ಬಾಗಿದವಳು ತಡೆದು ನಿಂತಳು.

“ಅಯ್ಯ, ಇವರು ನನ್ನನ್ನೇ ನೋಡುತ್ತಿದ್ದಾರೆ” ಎಂದಳು.

“ಕಣ್ಣು ತೆರೆದಿದೆ, ಅಷ್ಟೇ. ಇವನಿಗೆ ಏನೂ ತಿಳಿಯುವುದಿಲ್ಲ. ಕಟ್ಟು” ಎಂದ ವೈದ್ಯ.

ಅವಳು ಕಟ್ಟಿದಳು. ಅವಳ ಗಂಟು ಒತ್ತಲಿಲ್ಲ, ಜಾರಲೂ ಇಲ್ಲ. ಜಾವಕ್ಕೊಮ್ಮೆ ಒಳಗೆ ಬಂದು ಬಿಚ್ಚುತ್ತಿದ್ದಳು; ಮಣಿಕಟ್ಟಿಗೆ ಎಣ್ಣೆ ಸವರಿ ಮತ್ತೆ ಕಟ್ಟುತ್ತಿದ್ದಳು. ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಜ್ವರ ಇಳಿಯಿತು. ವೈದ್ಯ ನಾಡಿ ಹಿಡಿದು ನೋಡಿ, ಪಥ್ಯ ಹೇಳಿ, ಅವನನ್ನು ಮನೆಗೆ ಕಳಿಸಿದ. ಆ ದಿನ ಆ ವೈದ್ಯನೂ ಇವತ್ತಿನ ನಿನ್ನ ಹಾಗೆಯೇ ಸಂತೋಷವಾಗಿದ್ದ.

ಮನೆಯ ಬಾಗಿಲಲ್ಲಿ ನೇಕಾರನ ತಾಯಿ ಗಾಡಿಯನ್ನು ತಡೆದಳು. ಮಗನಿಗೆ ಕೆಂಪುನೀರು ನಿವಾಳಿಸಿ ಚೆಲ್ಲಿದಳು. ಅವನು ಮಲಗಿದ್ದ ಚಾಪೆ, ಹೊದ್ದಿದ್ದ ಬಟ್ಟೆ, ಆ ಸೆರಗಿನ ಪಟ್ಟಿಗಳು ಎಲ್ಲವನ್ನೂ ಹಿತ್ತಿಲಲ್ಲಿ ಸುಡಿಸಿದಳು. ಬಳಿಕ ಸೊಸೆಯನ್ನು ದೇವರ ಕೋಣೆಗೆ ಕರೆದಳು.

“ಯಮನ ಮನೆಯ ಸುದ್ದಿ ಈ ಮನೆಯಲ್ಲಿ ಆಡಕೂಡದು. ಆಡಿದರೆ ಜ್ವರ ತನ್ನನ್ನೇ ಕರೆದರು ಅಂದುಕೊಂಡು ತಿರುಗಿ ಬರುತ್ತದೆ. ಅವನು ಕೇಳಿದರೂ ಹೇಳಬಾರದು. ದೀಪ ಮುಟ್ಟು.”

ಆ ಬೀದಿಯಲ್ಲಿ ಎಲ್ಲ ಮನೆಗಳೂ ಹಾಗೆಯೇ ಮಾಡುತ್ತಿದ್ದವು. ಆ ಮುದುಕಿ ಇಬ್ಬರು ಮಕ್ಕಳನ್ನು ಜ್ವರಕ್ಕೆ ಕಳೆದುಕೊಂಡವಳು. ಅವಳ ಮಾತನ್ನು ಸುಳ್ಳೆನ್ನುವ ಧೈರ್ಯ ಸೊಸೆಗೆ ಎಲ್ಲಿಂದ ಬರಬೇಕು? ಅವಳು ಗಂಡನ ಪ್ರಾಣದ ಮೇಲೆ ಆಣೆಯಿಟ್ಟು ದೀಪ ಮುಟ್ಟಿದಳು.

ನೇಕಾರ ಮನೆಗೆ ಬಂದಿದ್ದ, ಆದರೆ ಮೊದಲಿನವನಾಗಿರಲಿಲ್ಲ. ಲಾಳಿ ಎಸೆದರೆ ತೋಳು ನಡುಗುತ್ತಿತ್ತು. ಬೆನ್ನ ಹಿಂದೆ ಯಾರಾದರೂ ನಿಂತರೆ ಬೆಚ್ಚಿ ಬೀಳುತ್ತಿದ್ದ. ಕಳೆದುಹೋದ ದಿನಗಳ ನೆನಪಿನಲ್ಲಿ ಅವನ ಬಳಿ ಉಳಿದದ್ದು ಚೂರುಪಾರು ಮಾತ್ರ. ತನ್ನನ್ನು ಬಾವಿಗೆ ಹೊತ್ತೊಯ್ದಿದ್ದರು. ಯಾರೋ ಮಗ್ಗವನ್ನು ಕಡಿದು ಒಲೆಗೆ ಹಾಕುತ್ತಿದ್ದರು. ಬಾಯಿಗೆ ಕಹಿ ಏನನ್ನೋ ಸುರಿದಿದ್ದರು. ಅವುಗಳ ನಡುವೆ ಒಂದು ಮಾತ್ರ ಸ್ಪಷ್ಟವಾಗಿತ್ತು: ಕೈಗೆ ಬಿದ್ದ ಗಂಟು ತನ್ನ ಹೆಂಡತಿಯದು.

ಒಂದು ದಿನ ಅವಳು ಗಂಜಿ ತಂದಿಟ್ಟಾಗ ಅವನು ಕೇಳಿದ. “ನನ್ನ ಕೈ ಕಟ್ಟಿದವರು ಯಾರು?”

“ಯಾರೂ ಕಟ್ಟಲಿಲ್ಲ. ಕನಸು ಕಂಡಿರಬೇಕು. ಗಂಜಿ ಆರುತ್ತದೆ, ಕುಡಿಯಿರಿ” ಎಂದಳು.

ಅವನು ತನ್ನ ಮಣಿಕಟ್ಟನ್ನು ನೋಡಿಕೊಂಡ. ನಾರಿನ ಹಗ್ಗದ ಕಲೆ ಇನ್ನೂ ಮಾಸಿರಲಿಲ್ಲ. ಅವಳೂ ಅದನ್ನೇ ನೋಡುತ್ತಿದ್ದಳು. ಇವಳು ಸುಳ್ಳಾಡಿದಳು ಎಂಬುದು ಅವನಿಗೆ ಖಚಿತವಾಯಿತು. ಕಟ್ಟಿದ್ದು ನಿಜವಾದರೆ ಬಾವಿಯೂ ನಿಜ, ಮಗ್ಗವನ್ನು ಒಲೆಗೆ ಹಾಕಿದ್ದೂ ನಿಜ, ಬಾಯಿಗೆ ಸುರಿದದ್ದು ವಿಷವೇ ಇರಬೇಕು ಎಂದು ಅವನು ತೀರ್ಮಾನಿಸಿದ. ಮಗ್ಗ ಕಣ್ಣೆದುರಿಗೇ ಇತ್ತು. ಅದನ್ನು ಬದಲಿಸಿ ತಂದಿಟ್ಟಿದ್ದಾರೆ ಎಂದುಕೊಂಡ.

ಅಂದಿನಿಂದ ಅವನು ಹೆಂಡತಿಯ ಕೈಯ ನೀರನ್ನು ಮುಟ್ಟಲಿಲ್ಲ. ಒಲೆ ತಾನೇ ಹಚ್ಚಿದ, ಅನ್ನ ತಾನೇ ಬೇಯಿಸಿಕೊಂಡ. “ಯಮನ ಮನೆಯಲ್ಲಿ ಅಡುಗೆ ಕಲಿತು ಬಂದಿದ್ದಾನೆ, ಇನ್ನು ಹೆಂಡತಿಯ ಸಾರು ರುಚಿಸೀತೇ?” ಎಂದು ಬೀದಿಯವರು ನಕ್ಕರು. ಅವಳೂ ನಕ್ಕಳು. ಬೇರೇನು ಮಾಡಿದರೂ ಕಾರಣ ಹೇಳಬೇಕಾಗುತ್ತಿತ್ತು.

ಆರು ತಿಂಗಳಿಗೆ ಅತ್ತೆ ತೀರಿಕೊಂಡಳು. ಆಣೆ ಇಡಿಸಿದವರೇ ಅದನ್ನು ಬಿಡಿಸಬೇಕು. ಬಿಡಿಸಬಲ್ಲವಳು ಇನ್ನಿರಲಿಲ್ಲ.

ಒಮ್ಮೆ ಅವಳು ವೈದ್ಯನ ಬಳಿಗೆ ಹೋದಳು. ಅಲ್ಲಿಯಾದರೆ ಮನೆಯ ಹೊಸ್ತಿಲು ದಾಟಿದಂತಾಯಿತು, ಮಾತಾಡಬಹುದೇನೋ ಎಂಬ ಆಸೆ. ಸಾಲಿನಲ್ಲಿ ಅರ್ಧ ದಿನ ನಿಂತಳು.

“ಉಣ್ಣುತ್ತಾನೆಯೇ?” ಎಂದು ವೈದ್ಯ ಕೇಳಿದ.

“ಉಣ್ಣುತ್ತಾರೆ. ನನ್ನ ಕೈಯಿಂದಲ್ಲ.”

“ನಡೆದಾಡುತ್ತಾನೆಯೇ?”

“ನಡೆದಾಡುತ್ತಾರೆ.”

“ಅವನ ಸ್ಥಿತಿಯಲ್ಲಿ ಬಂದ ಹತ್ತು ಮಂದಿಯಲ್ಲಿ ಒಬ್ಬ ಉಳಿದರೆ ಹೆಚ್ಚು, ತಾಯಿ. ನೀನು ಪುಣ್ಯವಂತೆ” ಎಂದು ವೈದ್ಯ ಮುಂದಿನವರನ್ನು ಕರೆದ.

ಪುಣ್ಯವಂತೆ ಎನಿಸಿಕೊಂಡವಳು ದುಃಖ ಹೇಳುವುದು ಹೇಗೆ? ಅವಳು ಮನೆಗೆ ಹೊರಟಳು.

ಎರಡು ವರ್ಷ ಕಳೆಯಿತು. ಬೇರೊಂದು ಮನೆಯ ರೋಗಿಯನ್ನು ನೋಡಲು ವೈದ್ಯ ಆ ಬೀದಿಗೆ ಬಂದ. ತಾನು ಉಳಿಸಿದವನನ್ನು ಕಂಡುಹೋಗುವ ಆಸೆಯಾಗಿ ನೇಕಾರನ ಬಾಗಿಲಿಗೂ ಬಂದ. ನೇಕಾರ ಮಣೆ ಹಾಕಿ ಕೂರಿಸಿದ, ತನ್ನ ಎರಡು ಕೈಗಳನ್ನು ಚಾಚಿದ.

“ನೀವು ಸುಳ್ಳಾಡುವವರಲ್ಲ. ಈ ಕೈ ಕಟ್ಟಿದವರು ಯಾರು? ನನ್ನನ್ನು ಬಾವಿಗೆ ಹೊತ್ತೊಯ್ದವರು, ಬಾಯಿಗೆ ವಿಷ ಸುರಿದವರು ಯಾರು?” ಎಂದ.

ನೂಲು ಸುತ್ತುತ್ತಿದ್ದ ಹೆಂಡತಿ ಎದ್ದು ಬಂದಳು. “ಅಯ್ಯ, ಹೇಳಬೇಡಿ” ಎಂದಳು. “ನಿಮ್ಮ ಕಾಲಿಗೆ ಬೀಳುತ್ತೇನೆ, ಹೇಳಬೇಡಿ.”

ವೈದ್ಯನಿಗೆ ಆಶ್ಚರ್ಯವಾಯಿತು. ಇದರಲ್ಲಿ ಮುಚ್ಚಿಡುವಂಥದ್ದೇನೂ ಅವನಿಗೆ ಕಾಣಲಿಲ್ಲ. ಹೇಳಿದ. “ಕಟ್ಟಿಸಿದವನು ನಾನು. ಹಗ್ಗ ನಿನ್ನ ಕೈ ಕೊಯ್ಯಿತು. ಇವಳು ಉಟ್ಟ ಸೀರೆ ಹರಿದು ಕಟ್ಟಿದಳು, ಜಾವಜಾವಕ್ಕೂ ಬಿಚ್ಚಿ ಎಣ್ಣೆ ಹಚ್ಚಿದಳು. ಇಲ್ಲದಿದ್ದರೆ ನೀನು ಇವತ್ತು ನನಗೆ ಮಣೆ ಹಾಕುತ್ತಿರಲಿಲ್ಲ. ಬಾವಿಯೂ ಇಲ್ಲ, ವಿಷವೂ ಇಲ್ಲ. ಬಾಯಿಗೆ ಸುರಿದದ್ದು ನನ್ನ ಕಷಾಯ.” ಹೇಳಿ ಮುಗಿಸಲು ಒಂದು ಚೆಂಬು ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಲ್ಲಿಂದ ಅವನು ಎದ್ದು ಮುಂದಿನ ಮನೆಗೆ ಹೋದ.

ಸಂಜೆ ನೇಕಾರ ತನ್ನ ತಟ್ಟೆಯನ್ನು ಹೆಂಡತಿಯ ಮುಂದಿಟ್ಟ. ಅವಳು ಬಡಿಸಿದಳು, ಅವನು ಉಂಡ. ಎರಡು ವರ್ಷ ಅವಳು ಬೇಡಿಕೊಂಡದ್ದು ಇದನ್ನೇ. ಆದರೆ ಅವಳು ಅವನ ತಟ್ಟೆಯನ್ನು ನೋಡಲಿಲ್ಲ, ಹಣೆಯನ್ನು ನೋಡುತ್ತಿದ್ದಳು. ಆ ದಿನಗಳ ಮಾತು ಮನೆಯೊಳಗೆ ಬಂದಾಗಿತ್ತು. ಇನ್ನು ಜ್ವರ ಬರುವುದೊಂದೇ ಬಾಕಿ.

ಮಗ್ಗದಲ್ಲಿ ಅವನು ಕೆಮ್ಮಿದರೆ ಅವಳು ಕೈಯಲ್ಲಿದ್ದ ನೂಲು ಬಿಟ್ಟು ಓಡಿ ಬರುತ್ತಿದ್ದಳು. ಅವನು ನಿದ್ದೆಹೋದರೆ ಹಣೆಯ ಮೇಲೆ ಅಂಗೈಯಿಟ್ಟು ಕೂರುತ್ತಿದ್ದಳು. “ನೀನೇಕೆ ಮಲಗುವುದಿಲ್ಲ?” ಎಂದು ಅವನು ಕೇಳಿದ. “ಸೆಕೆ” ಎಂದಳು. ಮಾಗಿಯ ಚಳಿಯಲ್ಲಿಯೂ ಹಾಗೆಯೇ ಹೇಳಿದಳು. ಅವನು ಮತ್ತೆ ಸಂಶಯಪಡಲು ಹೆದರಿ ಒತ್ತಾಯಿಸಲಿಲ್ಲ. ಅವಳು ಅನ್ನ ಬಿಟ್ಟಳು, ಸೊರಗಿದಳು. ಮರುವರ್ಷ ತೀರಿಕೊಂಡಳು. ಕೊನೆಯ ದಿನವೂ ಅವಳು ಕೇಳಿದ್ದು ಅವನ ಮೈ ಬೆಚ್ಚಗಿದೆಯೇ ಎಂದು.

ನೇಕಾರ ಮುಂದೆ ಇಪ್ಪತ್ತೆರಡು ವರ್ಷ ಬದುಕಿದ. ಅವನಿಗೆ ಮತ್ತೆಂದೂ ಜ್ವರ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು.

“ಗುರುಗಳೇ, ಆ ವೈದ್ಯ ಮೊದಲೇ ಹೇಳಿ ಕಳಿಸಬೇಕಿತ್ತು. ನಾನು ಹಾಗೆ ಮಾಡುವುದಿಲ್ಲ. ನಾಳೆ ನನ್ನ ರೋಗಿಯನ್ನು ಕೂರಿಸಿಕೊಂಡು, ಇಲ್ಲಿ ನಡೆದುದನ್ನೆಲ್ಲ ಒಂದೂ ಬಿಡದೆ ತಿಳಿಸಿಯೇ ಕಳಿಸುತ್ತೇನೆ” ಎಂದ ಶಿಷ್ಯ.

“ಹದಿನಾರು ದಿನಗಳಿಂದ ನಮ್ಮ ಜಗಲಿಯ ಮೇಲೆ ಕೂತಿದ್ದಾಳಲ್ಲ ಅವನ ತಾಯಿ, ಅವಳ ಹೆಸರೇನು?” ಎಂದು ಗುರು ಕೇಳಿದರು.

ಶಿಷ್ಯ ಜಗಲಿಯ ಕಡೆ ನೋಡಿದ. ಆ ಹೆಸರನ್ನು ಅವನು ಒಮ್ಮೆಯೂ ಕೇಳಿರಲಿಲ್ಲ; ಕೇಳಲು ಅತ್ತ ನಡೆದ.